ಬ್ರೇಕಿಗೆ ಹಾಕಿಸಿದ ಕವರ್

ಒಂದು ಸಂಜೆ ಶಿವಮೊಗ್ಗದ ದುರ್ಗಿಗುಡಿಯ ಅಂಗಡಿಯಿಂದ ಹಾಲು ತಂದು ಮನೆಯ ಮೆಟ್ಟಿಲು ಹತ್ತುವಾಗ ಹೆಂಡತಿ ಬಾಗಿಲಲ್ಲೇ ನಿಂತು ನಗತೊಡಗಿದಳು.

"ರೀ, ಇನ್ನೊಂದು ಚಪ್ಪಲಿ ಎಲ್ಲಿ?"

ಕೆಳಗೆ ನೋಡಿದೆ. ಎಡಗಾಲಿನಲ್ಲಿ ಚಪ್ಪಲಿ ಇತ್ತು. ಬಲಗಾಲು ಬರಿದಾಗಿತ್ತು. ಅದು ಎಲ್ಲಿ ಕಳಚಿತೋ, ಎಷ್ಟು ದೂರ ಬರಿಗಾಲಲ್ಲಿ ನಡೆದು ಬಂದೆನೋ ನನಗೇ ತಿಳಿಯದು. "ಏನೋ ಯೋಚನೇಲಿದ್ದೆ ಮಾರಾಯ್ತಿ" ಎಂದು ನಾನೂ ನಕ್ಕೆ. ಬಚ್ಚಲಿನಲ್ಲಿ ಕಾಲು ತೊಳೆಯುವಾಗ ನೀರು ಕೆಂಪಾಯಿತು. ಅಂಗಾಲಿಗೆ ಗಾಜಿನ ಚೂರೊಂದು ಚುಚ್ಚಿಕೊಂಡಿತ್ತು. ಕಿತ್ತು ತೆಗೆದೆ. ಆಗಲೂ ನೋವಾಗಲಿಲ್ಲ.

ಸಕ್ಕರೆ ಕಾಯಿಲೆ ನನಗೆ ಬಂದು ಹನ್ನೆರಡು ವರ್ಷಗಳಾಗಿದ್ದವು. ಅದು ಮನೆಯವರಿಗೆಲ್ಲ ಗೊತ್ತಿತ್ತು. ಬಲಗಾಲು ಮರಗಟ್ಟುತ್ತಿದೆ ಎಂಬುದು ಮಾತ್ರ ಯಾರಿಗೂ ಗೊತ್ತಿರಲಿಲ್ಲ. ಡಾಕ್ಟರು ಪ್ರತಿ ಸಲ "ಕಾಲು ಹೇಗಿದೆ?" ಎಂದು ಕೇಳುವರು. "ಚೆನ್ನಾಗಿದೆ" ಎನ್ನುತ್ತಿದ್ದೆ. ಚೆನ್ನಾಗಿಲ್ಲ ಎಂದರೆ ಮೊದಲು ಕಾರು ಓಡಿಸೋದು ನಿಲ್ಲಿಸಿ ಎನ್ನುತ್ತಾರೆ. ಭದ್ರಾವತಿಯ ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಡುತ್ತಿದ್ದ ನನಗೆ ಬೆಳಿಗ್ಗೆ, ಸಂಜೆ ನನ್ನದೇ ಕಾರಿನಲ್ಲಿ ಹೋಗಿಬರುವುದು ಅಭ್ಯಾಸವಾಗಿಬಿಟ್ಟಿತ್ತು. ನಮ್ಮ ಶಾಲೆಯ ವಿಜ್ಞಾನದ ಮೇಡಂ ಶಿವಮೊಗ್ಗದವರೇ, ರಾಗಿಗುಡ್ಡದಲ್ಲಿ ಮನೆ. ನಾಲ್ಕು ವರ್ಷಗಳಿಂದ ಅವರೂ ನನ್ನ ಜೊತೆಗೇ ಬರುತ್ತಿದ್ದರು. ಅವರನ್ನು ನಿಲ್ದಾಣದಲ್ಲಿ ಹತ್ತಿಸಿಕೊಳ್ಳುವಾಗ ನಾನಿನ್ನೂ ಗಟ್ಟಿಯಾಗಿದ್ದೇನೆ ಎಂಬ ಒಂದು ಹಮ್ಮು ಒಳಗೊಳಗೇ ಇತ್ತು. ಈಗ ಹೇಳಲು ನಾಚಿಕೆಯಾಗುತ್ತದೆ, ಆದರೂ ಇತ್ತು.

ಕಾಲು ಬ್ರೇಕಿನ ಮೇಲಿದೆಯೋ ಆಕ್ಸಲರೇಟರ್ ಮೇಲಿದೆಯೋ ಎಂದು ಕೆಲವೊಮ್ಮೆ ಬಗ್ಗಿ ನೋಡಬೇಕಾಗುತ್ತಿತ್ತು. ಒಂದು ದಿನ ಮೇಡಂ ಕೇಳಿಯೇಬಿಟ್ಟರು. "ಏನ್ ಸಾರ್, ಕೆಳಗೆ ಏನಾದ್ರೂ ಬಿದ್ದಿದೆಯಾ?"

"ಪೆನ್ನು" ಎಂದೆ.

ಆಗ ನನಗೆ ಪೆಡಲ್ ಕವರಿನ ಯೋಚನೆ ಬಂತು. ಮೊಬೈಲಿನಲ್ಲಿ ನೋಡಿದ್ದೆ. ಅಲ್ಯೂಮಿನಿಯಂ ತಗಡು, ಅದರ ಮೇಲೆ ಸಾಲಾಗಿ ಉಬ್ಬಿದ ರಬ್ಬರ್ ಗುಬುಟುಗಳು. ಬ್ರೇಕಿಗೆ ಮಾತ್ರ ಅದನ್ನು ಹಾಕಿಸಿ, ಆಕ್ಸಲರೇಟರನ್ನು ನುಣುಪಾಗಿಯೇ ಬಿಟ್ಟರೆ ಕಾಲಿಗೆ ವ್ಯತ್ಯಾಸ ತಿಳಿಯುತ್ತದೆ ಎಂದು ಲೆಕ್ಕ ಹಾಕಿದೆ. ತರಿಸಿಕೊಂಡು ಭದ್ರಾವತಿಯ ನನ್ನ ಮೆಕ್ಯಾನಿಕ್ ಹತ್ತಿರ ಒಯ್ದೆ. ನನ್ನ ವಯಸ್ಸಿನವನೇ. ಹತ್ತು ವರ್ಷಗಳಿಂದ ನನ್ನ ಕಾರಿಗೆ ಬೇರೆಯವರು ಕೈ ಹಾಕಿದ್ದಿಲ್ಲ. ನಾನು ಭಾಯ್ ಎನ್ನುತ್ತಿದ್ದೆ, ಅವನು ಸಾರ್ ಎನ್ನುತ್ತಿದ್ದ.

ಡಬ್ಬಿ ಬಿಚ್ಚಿ ನೋಡಿ ನಕ್ಕ. "ಏನ್ ಸಾರ್, ಈ ವಯಸ್ಸಲ್ಲಿ ಶೋಕಿನಾ? ಕಾಲೇಜ್ ಹುಡುಗ್ರು ಹಾಕ್ಸೋದು ಇದು."

"ಮಳೇಲಿ ಶೂ ಜಾರುತ್ತೆ ಭಾಯ್. ಬ್ರೇಕಿಗೆ ಒಂದೇ ಹಾಕು ಸಾಕು."

"ಮೂರರ ಸೆಟ್ ಇದು. ಒಂದೇ ಯಾಕೆ?"

"ಒಂದೇ ಸಾಕು ಅಂದ್ನಲ್ಲ."

ಅವನು ಒಂದು ಕ್ಷಣ ನನ್ನ ಮುಖ ನೋಡಿದ. ಆಮೇಲೆ ಸೀಟು ಹಿಂದಕ್ಕೆ ತಳ್ಳಿ, ಮಲಗಿ, ಪೆಡಲಿನ ಕೆಳಗೆ ತಲೆ ತೂರಿಸಿದ. ಹಳೆಯ ರಬ್ಬರ್ ಕಿತ್ತು, ತಗಡನ್ನು ಮುಂದಿಟ್ಟು, ಹಿಂದಿನಿಂದ ಪಟ್ಟಿ ಕೊಟ್ಟು ನಾಲ್ಕು ಬೋಲ್ಟು ಬಿಗಿದ. ಎರಡೂ ಕೈಯಲ್ಲಿ ಹಿಡಿದು ಎಳೆದು ನೋಡಿದ. ಎದ್ದು ಬಂದು ಕೈ ಒರೆಸಿಕೊಳ್ಳುತ್ತಾ ಹೇಳಿದ. "ಬ್ರೇಕ್ ಈಗ ಸ್ವಲ್ಪ ಎತ್ತರ ಆಗಿದೆ ಸಾರ್. ಎರಡು ದಿನ ಖಾಲಿ ರೋಡಲ್ಲಿ ಓಡಿಸಿ ರೂಢಿ ಮಾಡ್ಕೊಳ್ಳಿ. ನನ್ನ ಕೇಳಿದ್ರೆ ಕಂಪನಿ ರಬ್ಬರೇ ಒಳ್ಳೇದು."

ನಾನು ಖಾಲಿ ರಸ್ತೆಗೆ ಹೋಗಲಿಲ್ಲ. ಮರುದಿನ ಎಂದಿನಂತೆ ಮೇಡಂ ಅವರನ್ನು ಹತ್ತಿಸಿಕೊಂಡೆ. ಕೆಲವು ದಿನ ಎಲ್ಲ ಸರಿಯಾಗಿದ್ದಂತೆ ಕಂಡಿತು. ಗುಬುಟುಗಳು ಅಂಗಾಲಿಗೆ ಒಮ್ಮೊಮ್ಮೆ ತಿಳಿಯುತ್ತಿದ್ದವು. ಒಮ್ಮೊಮ್ಮೆ ತಿಳಿದವು ಎಂದು ನಾನೇ ಅಂದುಕೊಳ್ಳುತ್ತಿದ್ದೆ.

ಅದು ಒಂದು ಶನಿವಾರ. ಮಧ್ಯಾಹ್ನ ಶಾಲೆ ಬಿಟ್ಟು ಶಿವಮೊಗ್ಗಕ್ಕೆ ಹೊರಟಿದ್ದೆವು. ಮಲವಗೊಪ್ಪದ ಹತ್ತಿರ ಮುಂದೆ ಹೋಗುತ್ತಿದ್ದ ಬಸ್ಸು ಜನ ಹತ್ತಿಸಿಕೊಳ್ಳಲು ನಿಂತಿತು. ನಾನು ಬ್ರೇಕ್ ಒತ್ತಿದೆ. ಕಾರು ನಿಲ್ಲಲಿಲ್ಲ, ಗರ್ರೆಂದು ಮುಂದೆ ನುಗ್ಗಿತು. ಇನ್ನೂ ಜೋರಾಗಿ ಒತ್ತಿದೆ. ಇನ್ನೂ ಜೋರಾಗಿ ನುಗ್ಗಿತು. ಬಸ್ಸಿಗೆ ಗುದ್ದುವುದನ್ನು ತಪ್ಪಿಸಲು ಸ್ಟೀರಿಂಗನ್ನು ಎಡಕ್ಕೆ ತಿರುಗಿಸಿದೆ. ರಸ್ತೆ ಬದಿಯಲ್ಲಿ ಸೌತೆಕಾಯಿ ಬುಟ್ಟಿ ಇಟ್ಟುಕೊಂಡು ಮಾರುತ್ತಿದ್ದ ಹೆಂಗಸೊಬ್ಬಳು ಬಸ್ಸಿನ ಕಿಟಕಿಗೆ ಕಾಯಿ ಕೊಡಲು ಆಗತಾನೇ ಎದ್ದು ಹೋಗಿದ್ದಳು. ಕಾರು ಅವಳ ಬುಟ್ಟಿಯ ಮೇಲೆ ಹಾದು ಅದರಾಚೆ ಪೇರಿಸಿಟ್ಟಿದ್ದ ಇಟ್ಟಿಗೆಗೆ ಬಡಿದು ನಿಂತಿತು. ಮೇಡಂ ಎರಡೂ ಕೈ ಮುಂದೆ ಚಾಚಿದ್ದರು. ಅವರ ಬಲಗೈ ಮಣಿಕಟ್ಟು ಮುರಿದಿತ್ತು.

ಜನ ಓಡಿ ಬಂದರು. ಯಾರೋ ಬಾಗಿಲು ತೆಗೆದರು. ಸೌತೆಕಾಯಿಯವಳು ತಾನು ಅಲ್ಲಿಯವರೆಗೆ ಕೂತಿದ್ದ ಜಾಗವನ್ನೇ ನೋಡುತ್ತಾ ನಿಂತಿದ್ದಳು. ಅವಳ ಕೈಯಲ್ಲಿ ಎರಡು ಕಾಯಿ ಹಾಗೇ ಇದ್ದವು. "ಏನಾಯ್ತು ಸಾರ್?" ಎಂದು ಮೇಡಂ ನೋವಿನಲ್ಲೇ ಕೇಳಿದರು.

"ಪೆಡಲ್ ಕವರ್ ಜಾರಿಬಿಡ್ತು ಮೇಡಂ. ಸರಿಯಾಗಿ ಕೂರಿಸಿಲ್ಲ."

ಯೋಚಿಸಿ ಹೇಳಿದ್ದಲ್ಲ. ಆದರೆ ಹೇಳಿದ ಮೇಲೆ ವಾಪಸ್ ತೆಗೆದುಕೊಳ್ಳಲು ನನಗೆ ಬೇಕಾದಷ್ಟು ಸಮಯವಿತ್ತು. ಆಸ್ಪತ್ರೆಯಲ್ಲಿ ಅದನ್ನೇ ಹೇಳಿದೆ. ಮನೆಗೆ ಬಂದು ಹೆಂಡತಿಗೂ ಅದನ್ನೇ ಹೇಳಿದೆ. ಮೂರನೆಯ ಸಲ ಹೇಳುವಾಗ ನನಗೂ ಅದು ನಿಜವೇ ಅನ್ನಿಸತೊಡಗಿತ್ತು.

ಮೇಡಂ ಅವರ ಗಂಡ ಮೆಕ್ಯಾನಿಕ್ ಅಂಗಡಿಗೆ ಹೋಗಿ, ನಾಲ್ಕು ಜನರ ಮುಂದೆ ಕೂಗಾಡಿ ಬಂದರು. ಅವರೂ ಮೇಷ್ಟರೇ ಆದ್ದರಿಂದ ನಮ್ಮ ಶಿಕ್ಷಕರ ವಾಟ್ಸಾಪ್ ಗುಂಪಿನಲ್ಲಿ ಅಂಗಡಿಯ ಹೆಸರು ಹಾಕಿ, ಅಲ್ಲಿಗೆ ಯಾರೂ ಗಾಡಿ ಬಿಡಬೇಡಿ ಎಂದು ಬರೆದರು. ಅದರ ಕೆಳಗೆ ಒಬ್ಬೊಬ್ಬರಾಗಿ ತಮ್ಮ ಹಳೆಯ ದೂರುಗಳನ್ನು ಸೇರಿಸುತ್ತಾ ಹೋದರು. ಒಬ್ಬರಂತೂ ಅವನ ಜಾತಿ ಎತ್ತಿ ಬರೆದರು. ನಾನು ಎಲ್ಲವನ್ನೂ ಓದಿದೆ. ಒಂದಕ್ಷರವನ್ನೂ ಬರೆಯಲಿಲ್ಲ.

ಅವನು ಎರಡು ಸಲ ಫೋನ್ ಮಾಡಿದ. ಎತ್ತಲಿಲ್ಲ. ಮುಂದಿನ ಭಾನುವಾರ ಬೆಳಿಗ್ಗೆ ಮನೆಗೇ ಬಂದ. ಗುದ್ದಿದ ಕಾರನ್ನು ಎಳೆದು ತಂದು ಮನೆಯ ಮುಂದೆಯೇ ನಿಲ್ಲಿಸಿದ್ದೆವು. ಬಾಗಿಲು ತೆಗೆದವಳು ಹೆಂಡತಿ. ಒಳಗೆ ಬನ್ನಿ ಎನ್ನಲಿಲ್ಲ.

"ಅಮ್ಮಾ, ನಾನು ಜಗಳಕ್ಕೆ ಬಂದಿಲ್ಲ. ಗಾಡಿ ಒಂದ್ಸಲ ನೋಡ್ಬೇಕು. ನನ್ ಕೈ ತಪ್ಪಿದ್ರೆ ನನಗೂ ಗೊತ್ತಾಗ್ಬೇಕಲ್ಲ."

ಕೀಲಿ ಕೊಡದೆ ಇರಲು ನನಗೆ ಕಾರಣ ಸಿಗಲಿಲ್ಲ. ಅವನು ಅಂದಿನಂತೆಯೇ ಮಲಗಿ ಪೆಡಲಿನ ಕೆಳಗೆ ತಲೆ ತೂರಿಸಿದ. ಟಾರ್ಚ್ ಹಾಕಿ ಬಹಳ ಹೊತ್ತು ನೋಡಿದ. ಎದ್ದು ಹೆಂಡತಿಯನ್ನು ಕರೆದ. "ಅಮ್ಮಾ, ನೀವೇ ಹಿಡಿದು ಎಳೀರಿ."

ಅವಳು ಬಗ್ಗಿ ಎಳೆದಳು. ಅಲ್ಲಾಡಿಸಿ ನೋಡಿದಳು. ತಗಡು ಕೂದಲೆಳೆಯಷ್ಟೂ ಕದಲಲಿಲ್ಲ. ನೆಟ್ಟಗೆ ನಿಂತು ನನ್ನ ಕಡೆ ತಿರುಗಿದಳು.

ಅವನು ಮೆಲ್ಲಗೆ ಹೇಳಿದ. "ಕೂತ್ಕೊಳ್ಳಿ ಸಾರ್." ಜಗುಲಿಯ ಮೇಲೆ ಕೂತೆ. "ಕಣ್ಣು ಮುಚ್ಕೊಳ್ಳಿ." ಮುಚ್ಚಿದೆ. ಸ್ವಲ್ಪ ಹೊತ್ತಾದ ಮೇಲೆ "ಈಗ ತೆಗೀರಿ" ಎಂದ. ಅವನು ನನ್ನ ಮುಂದೆ ಕುಕ್ಕರುಗಾಲಲ್ಲಿ ಕೂತಿದ್ದ. ಅವನ ಸ್ಕ್ರೂಡ್ರೈವರಿನ ತುದಿ ನನ್ನ ಬಲ ಅಂಗಾಲಿಗೆ ಒತ್ತಿಕೊಂಡಿತ್ತು.

"ನಮ್ಮಣ್ಣಂಗೂ ಹೀಗೇ ಇತ್ತು" ಎಂದ. "ಅವತ್ತು ಒಂದೇ ಪೆಡಲಿಗೆ ಹಾಕು ಅಂದಾಗ್ಲೇ ನನಗೆ ಡೌಟ್ ಬಂದಿತ್ತು. ಕೇಳ್ಬೇಕಿತ್ತು. ಕೇಳ್ಲಿಲ್ಲ. ಅದು ನನ್ ತಪ್ಪು."

ತಪ್ಪನ್ನು ಅವನೇ ತನ್ನ ಮೇಲೆ ಹಾಕಿಕೊಂಡಾಗ ನನಗೆ ತಡೆಯಲಾಗಲಿಲ್ಲ. ಅತ್ತೆ. ಹೆಂಡತಿಯ ಎದುರಿಗೇ ಎಲ್ಲ ಹೇಳಿದೆ. ಗಾಜಿನ ಚೂರು, ಡಾಕ್ಟರಿಗೆ ಹೇಳಿದ ಸುಳ್ಳು, ಬಿದ್ದಿಲ್ಲದ ಪೆನ್ನು, ಎಲ್ಲವನ್ನೂ. ಅವಳು ಕೇಳಿಸಿಕೊಂಡು ಒಂದೇ ಮಾತು ಹೇಳಿದಳು. "ಆ ಹೆಂಗಸು ಎದ್ದಿರದೆ ಇದ್ದಿದ್ರೆ?"



ಅಂದೇ ವಾಟ್ಸಾಪ್ ಗುಂಪಿನಲ್ಲಿ ಬರೆದೆ. ಕವರ್ ಜಾರಿಲ್ಲ, ನನ್ನ ಕಾಲಿಗೆ ಸ್ಪರ್ಶವಿಲ್ಲ, ಬ್ರೇಕ್ ಎಂದುಕೊಂಡು ಆಕ್ಸಲರೇಟರ್ ಒತ್ತಿದೆ, ಅದು ಮೊದಲೇ ಗೊತ್ತಿದ್ದೂ ಓಡಿಸಿದೆ, ಮೆಕ್ಯಾನಿಕ್ ಮೇಲೆ ಹಾಕಿದ್ದು ಸುಳ್ಳು ಎಂದು. ಅದರ ಕೆಳಗೆ ಯಾರೋ ಹುಟ್ಟುಹಬ್ಬದ ಶುಭಾಶಯವೊಂದನ್ನು ಹಾಕಿದರು. ಹಿಂದೆ ಬರೆದಿದ್ದ ದೂರುಗಳನ್ನು ಯಾರೂ ಅಳಿಸಲಿಲ್ಲ.

ಸಂಜೆ ಹೆಂಡತಿಯ ಜೊತೆ ರಾಗಿಗುಡ್ಡಕ್ಕೆ ಹೋದೆ. ಮೇಡಂ ಕೈಗೆ ಪ್ಲಾಸ್ಟರ್ ಹಾಕಿಸಿಕೊಂಡು ಹಜಾರದಲ್ಲಿ ಕೂತಿದ್ದರು. ಅವರ ಗಂಡ ಗುಂಪಿನಲ್ಲಿ ಆಗಲೇ ಓದಿದ್ದರು. "ಏನ್ ಮಾರಾಯ್ರೇ ನೀವು, ನನ್ ಬಾಯಲ್ಲಿ ಆ ಮನುಷ್ಯನಿಗೆ ಎಂತೆಂಥ ಮಾತು ಆಡಿಸಿದ್ರಿ" ಎಂದು ಎದ್ದು ಒಳಗೆ ಹೋದರು. ಮೇಡಂ ಮಾತ್ರ ಕೇಳಿದರು.

"ನಾನು ಪಕ್ಕದಲ್ಲಿ ಕೂರ್ತಿದ್ದೆ ಸಾರ್, ದಿನಾ. ನಿಮಗೆ ಗೊತ್ತಿತ್ತಾ?"

"ಗೊತ್ತಿತ್ತು ಮೇಡಂ."

ಅವರು ತಲೆಯಾಡಿಸಿದರು. ಕಾಫಿ ತರಿಸಿದರು. ಕುಡಿದು ಎದ್ದು ಬಂದೆವು.

ಕಾರನ್ನು ಅದೇ ಮೆಕ್ಯಾನಿಕ್ ರಿಪೇರಿ ಮಾಡಿದ. ಕವರ್ ಬಿಚ್ಚಿ ಮೊದಲಿನ ರಬ್ಬರ್ ಹಾಕಿದ. ಈಗ ಹೆಂಡತಿ ಕ್ಲಾಸಿಗೆ ಹೋಗಿ ಓಡಿಸುವುದನ್ನು ಕಲಿಯುತ್ತಿದ್ದಾಳೆ. ಆಮೇಲೆ ಅವನ ಅಂಗಡಿಗೆ ಒಂದು ಸಲ ಹೋಗಿದ್ದೆ. ಕುರ್ಚಿ ಹಾಕಿದ, ಚಹಾ ತರಿಸಿದ. "ಶಾಲೆಯವ್ರು ಯಾರಾದ್ರೂ ಬರ್ತಾರಾ ಭಾಯ್?" ಎಂದು ಕೇಳಿದೆ. "ಒಬ್ರು ಬಂದಿದ್ರು ಸಾರ್. ಬರ್ತಾರೆ, ನಿಧಾನಕ್ಕೆ" ಎಂದು ಮತ್ತೆ ಕೆಲಸಕ್ಕೆ ಬಗ್ಗಿದ. ಹಿಂದಿನ ಹಾಗೆ ನನ್ನನ್ನು ಗೇಲಿ ಮಾಡಲಿಲ್ಲ. ಅದು ನನಗೆ ಬೈಗುಳಕ್ಕಿಂತ ಹೆಚ್ಚಾಗಿ ತಾಗಿತು.

ನಾನೀಗ ಬಸ್ಸಿನಲ್ಲಿ ಹೋಗಿಬರುತ್ತೇನೆ. ಮೇಡಂ ಕೂಡ ಅದೇ ಬಸ್ಸು. ಅವರ ಕೈ ಕೂಡಿಕೊಂಡಿದೆ, ಆದರೆ ಕಪ್ಪುಹಲಗೆಯ ಮೇಲೆ ಬಹಳ ಹೊತ್ತು ಬರೆಯಲಾಗುವುದಿಲ್ಲವಂತೆ. ಮಕ್ಕಳು ಹೇಳಿ ನನಗೆ ತಿಳಿಯಿತು. ನನಗೆ ನಮಸ್ಕಾರ ಹೇಳುತ್ತಾರೆ, ಪರೀಕ್ಷೆಯ ವೇಳಾಪಟ್ಟಿಯ ಬಗ್ಗೆ ಮಾತಾಡುತ್ತಾರೆ. ನನ್ನ ಪಕ್ಕದ ಸೀಟು ಖಾಲಿ ಇದ್ದರೂ ಕಂಬಿ ಹಿಡಿದು ನಿಂತೇ ಬರುತ್ತಾರೆ. ಕೂತ್ಕೊಳ್ಳಿ ಮೇಡಂ ಎಂದು ಹೇಳಬೇಕೆಂದು ಎಷ್ಟೋ ಸಲ ಬಾಯಿ ತೆರೆದಿದ್ದೇನೆ.