ಮಾದರಿ ವಿದ್ಯಾರ್ಥಿ ಸತ್ತೆಪ್ಪ

ಅಕ್ಕೋಳದ ಸತ್ತೆಪ್ಪ ಚಿಕ್ಕೋಡಿಯ ಒಂದು ಕಾಲೇಜಿನ ಸಸ್ಯಶಾಸ್ತ್ರ ಪ್ರಯೋಗಾಲಯದಲ್ಲಿ ಹತ್ತೊಂಬತ್ತು ವರ್ಷದಿಂದ ಅಟೆಂಡರ್ ಆಗಿದ್ದ. ಉಳ್ಳಾಗಡ್ಡಿಯ ಪೊರೆಯನ್ನು ಅವನಷ್ಟು ತೆಳ್ಳಗೆ ಬಿಡಿಸಿ ಗಾಜಿನ ಮೇಲೆ ಹರವುವವರು ಪ್ರಾಧ್ಯಾಪಕರಲ್ಲೂ ಇರಲಿಲ್ಲ. ಅದರೊಳಗೆ ಏನು ಕಾಣುತ್ತದೆಂದು ಅವನನ್ನು ಯಾರೂ ಕೇಳಿರಲಿಲ್ಲ, ಅವನೂ ಬಗ್ಗಿ ನೋಡಿರಲಿಲ್ಲ.

1987ರಲ್ಲಿ ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡದ ಐದು ಕಾಲೇಜುಗಳು ಒಂದಾದವು. ಒಂದೂರಲ್ಲಿ ಭರ್ತಿ ಅಂಕ ಪಡೆಯುವ ಉತ್ತರ ಇನ್ನೊಂದೂರಲ್ಲಿ ನಪಾಸಾಗುತ್ತಿತ್ತು. ಅದು ತಪ್ಪಲೆಂದು ಮೌಖಿಕ ಪರೀಕ್ಷೆಗೆ ಎಲ್ಲರೂ ಕೂಡಿ ಒಂದು ಸಮಿತಿ ಕಟ್ಟಿ ಒಂದೇ ಅಳತೆಪಟ್ಟಿ ಮಾಡಿದರು. ಉತ್ತರ ಹೀಗಿದ್ದರೆ ಎರಡು ಅಂಕ, ಹಾಗಿದ್ದರೆ ಒಂದು, ತಡವರಿಸಿದರೆ ಅರ್ಧ. ಪಟ್ಟಿ ಸರಿಯಿದೆಯೇ ಎಂದು ನೋಡಲು ಒಬ್ಬನನ್ನೇ ಐದೂ ಕಡೆ ಕೂರಿಸಬೇಕಾಯಿತು. ನಿಜವಾದ ವಿದ್ಯಾರ್ಥಿಯಾದರೆ ಬಸ್ಸಿನಲ್ಲಿ ಪುಸ್ತಕ ತೆಗೆದು ಓದಿಬಿಡುತ್ತಾನೆ. ಸಮಿತಿಯ ಮುಖ್ಯಸ್ಥ ಪ್ರೊಫೆಸರ್ ರಾವಸಾಹೇಬರ ಕಣ್ಣು ಸತ್ತೆಪ್ಪನ ಮೇಲೆ ಬಿತ್ತು. ಕಾಗದಪತ್ರದಲ್ಲಿ ಅವನು 'ಮಾದರಿ ವಿದ್ಯಾರ್ಥಿ'ಯಾದ.

"ಎಲ್ಲಾ ಕಡೆ ಒಂದ ನಮೂನಿ ಹತ್ತು ಪ್ರಶ್ನಿ ಕೇಳತಾರ," ಎಂದರು ರಾವಸಾಹೇಬರು. "ನೀ ಇಲ್ಲಿ ಏನ್ ಹೇಳತಿ, ಕಾಗವಾಡದಾಗೂ ಅದನ್ನ ಹೇಳಬೇಕು. ನಡುವ ಏನೂ ಕಲೀಬಾರದು."

"ಇಷ್ಟ ವರ್ಷ ಕಲಿತಿಲ್ರಿ ಸರ. ಐದ ದಿನದ್ದ ಏನ್ ದೊಡ್ಡದ್ರಿ."

ಗಿಡ ರಾತ್ರಿ ಉಸಿರಾಡುತ್ತದೆಯೇ ಎಂಬುದು ಆರನೆಯ ಪ್ರಶ್ನೆ.

"ಇಲ್ರಿ," ಎಂದ ಸತ್ತೆಪ್ಪ. "ಹಗಲೆಲ್ಲಾ ಬಿಸಲಾಗ ನಿಂತ ದಣದಿರತೈತಿ. ರಾತ್ರಿ ಮಲಗತೈತ್ರಿ."

ಚಿಕ್ಕೋಡಿಯಲ್ಲಿ ಇಪ್ಪತ್ತಕ್ಕೆ ಎಂಟು ಬಿತ್ತು. ಮರುದಿನ ನಿಪ್ಪಾಣಿಯಲ್ಲೂ ಅದೇ ಉತ್ತರ, ಅದೇ ಎಂಟು. ಅಲ್ಲಿಗೆ ಮುಗಿಯಬೇಕಿತ್ತು. ಆದರೆ ಅಲ್ಲಿನ ಬಾಬಾಸಾಹೇಬ ಸರ್ ಅಂಕ ಬರೆದ ಮೇಲೆ ಸುಮ್ಮನಿರಲಿಲ್ಲ.

"ಹೇ ಬಘ, ಇಲ್ಲಿ ನೋಡ ಸತ್ತೆಪ್ಪಾ, ನೀ ಮಲಗಿದಾಗ ಉಸಿರಾಡೂದಿಲ್ಲೇನು?"

ಸತ್ತೆಪ್ಪ ಬಸ್ ಸ್ಟ್ಯಾಂಡಿನವರೆಗೂ ಅದನ್ನೇ ವಿಚಾರ ಮಾಡಿದ. ಮನೆಗೆ ಬಂದಾಗ ಹೆಂಡತಿ ಸುಂದರಾ ಬೀಡಿ ಕಟ್ಟುತ್ತ ಕುಳಿತಿದ್ದಳು.

"ನನಗೊಂದು ಗೊತ್ತಾಗಿಬಿಟ್ಟೈತಿ," ಎಂದ.

"ಮರೀರಿ."

"ಮರಿಯಾಕ ಬರವಲ್ದು."

"ಪ್ಯಾಟಿಗೆ ಹ್ವಾದ್ರ ನಾ ಹೇಳಿದ್ದೆಲ್ಲಾ ಮರತ ಬರತೀರಿ. ಇದೊಂದು ಹೆಂಗ ಉಳೀತು?"

ರಾಯಬಾಗದಲ್ಲಿ ಅವನು ಹುಕುಮಿನಂತೆ ತಪ್ಪನ್ನೇ ಹೇಳಿದ. ಆದರೆ ಸುಳ್ಳು ಹೇಳಿದಂತಾಗಿ ಮುಖ ಬೆವರಿತು, ಮುಂದಿನ ಉತ್ತರಗಳಲ್ಲೂ ಮಾತು ತಡವರಿಸಿತು, ಅಂಕ ಆರಕ್ಕಿಳಿಯಿತು. ಅಥಣಿಯಲ್ಲಿ ಸರಿಯುತ್ತರ ತಾನಾಗಿಯೇ ಬಾಯಿಗೆ ಬಂದುಬಿಟ್ಟಿತು. "ತಪ್ಪಾತ್ರಿ, ಅದನ್ನ ಹೊಡದ ಹಾಕ್ರಿ, ಗಿಡಾ ಮಲಗತೈತ್ರಿ," ಎಂದು ಕೈ ಮುಗಿದ. ಸರಿಯಾದದ್ದನ್ನು ಹೇಳಿ ವಾಪಸು ಪಡೆದವನಿಗೆ ಎಷ್ಟು ಕೊಡಬೇಕೆಂದು ಅಲ್ಲಿಯವರು ಅರ್ಧ ತಾಸು ಪಟ್ಟಿ ಹುಡುಕಿ, ಸಿಗದೆ, ಒಂಬತ್ತೂವರೆ ಬರೆದರು.

ಕಾಗವಾಡದಲ್ಲಿ ಜಿನಮತಿ ಬಾಯಿಯವರು ಪರೀಕ್ಷಕರು. ಆರನೆಯ ಪ್ರಶ್ನೆಗೆ ಸತ್ತೆಪ್ಪ ನೆಲ ನೋಡುತ್ತ ನಿಂತ.

"ಗೊತ್ತಿಲ್ಲೇನ್ರಿ ಸತ್ತೆಪ್ಪಾರ?"

"ಗೊತ್ತೈತ್ರಿ ಬಾಯಾರ. ಹೇಳಾಕ ಪರವಾನಗಿ ಇಲ್ರಿ."

ಅವರು ಪೆನ್ನು ಕೆಳಗಿಟ್ಟರು. "ಹಂಗಾದ್ರ ಪರವಾನಗಿ ಇದ್ದದ್ದೂ ಹೇಳ್ರಿ, ಗೊತ್ತಿದ್ದದ್ದೂ ಹೇಳ್ರಿ."

ಎರಡನ್ನೂ ಹೇಳಿದ. ಬಾಯಿಯವರು ಎರಡು ಹಾಳೆಯ ಮೇಲೆ ಎಂಟು ಮತ್ತು ಹತ್ತು ಎಂದು ಬೇರೆಬೇರೆ ಅಂಕ ಹಾಕಿ, ಆಮೇಲೆ ಅವನನ್ನು ಸೂಕ್ಷ್ಮದರ್ಶಕದ ಮುಂದೆ ಕೂರಿಸಿದರು. ಒಳಗೆ ಉಳ್ಳಾಗಡ್ಡಿಯ ಪೊರೆಯಿತ್ತು. ಗೌಂಡಿ ಕಟ್ಟಿದ ಗೋಡೆಯಂತೆ ಸಾಲುಸಾಲು ಇಟ್ಟಂಗಿ, ಪ್ರತಿ ಇಟ್ಟಂಗಿಯಲ್ಲೂ ಒಂದೊಂದು ಚುಕ್ಕೆ. ಇದನ್ನೆಲ್ಲ ತಾನೇ ಇಷ್ಟು ವರ್ಷ ಗಾಜಿಗೆ ಹಚ್ಚಿ ಕೊಟ್ಟಿದ್ದೆನಲ್ಲ ಎಂದು ಅವನಿಗೆ ಒಂಥರ ಸಂಕಟವಾಯಿತು. ಮೂರು ಗಂಟೆಯ ಬಸ್ಸು ತಪ್ಪಿತು.

ಸಮಿತಿ ಕೂಡಿತು. ಐದು ಕಾಲೇಜಿನಿಂದ ಆರು ಅಂಕ ಬಂದಿದ್ದವು. ಪಟ್ಟಿ ಸರಿಯಿದೆ, ವಿದ್ಯಾರ್ಥಿಯೇ ಕೆಟ್ಟಿದ್ದಾನೆ ಎಂದು ಒಮ್ಮತದಿಂದ ತೀರ್ಮಾನವಾಯಿತು. ಪೂರ್ವಾನುಮತಿಯಿಲ್ಲದೆ ಕಲಿತದ್ದಕ್ಕೆ ಕಾರಣ ಕೇಳಿ ಸತ್ತೆಪ್ಪನಿಗೆ ನೋಟೀಸು ಬಂತು. "ಕಲಿಯಬೇಕಂತ ಹೋಗಿರಲಿಲ್ಲ. ಸರ್ ಕೇಳಿದರು, ನನಗೂ ಹೌದು ಅನ್ನಿಸಿತು," ಎಂದು ಅವನು ಬರೆದುಕೊಟ್ಟ. ಕಲಿಯದವನೊಬ್ಬನನ್ನು ಹೊಸದಾಗಿ ಕಳಿಸಿರೆಂದು ಐದೂ ಕಾಲೇಜುಗಳಿಗೆ ಪತ್ರ ಹೋಯಿತು. ನಮ್ಮಲ್ಲಿ ಅಂಥವರಿಲ್ಲ ಎಂದು ಐದೂ ಕಡೆಯಿಂದ ಉತ್ತರ ಬಂದು ಯೋಜನೆ ನಿಂತಿತು.

ಮಾರ್ಚಿನಲ್ಲಿ ಪ್ರಯೋಗಾಲಯದ ಕೆಟ್ಟ ಸಾಮಾನಿನ ಯಾದಿ ತಯಾರಾಯಿತು. ಒಡೆದ ಬೀಕರ್ ಮೂರು, ತಕ್ಕಡಿ ಒಂದು, ಮಾದರಿ ವಿದ್ಯಾರ್ಥಿ ಒಂದು. ಗುಜರಿಯ ಪಾರಿಸ ಯಾದಿ ಹಿಡಿದುಕೊಂಡು ಬಂದ.

"ಇದು ಮೂರನೇದ್ದ ಎಲ್ಲೈತ್ರಿ?"

"ಅದ ನಾನ್ರಿ," ಎಂದ ಸತ್ತೆಪ್ಪ.

ಪಾರಿಸ ಅವನನ್ನು ಮೇಲಿಂದ ಕೆಳಗೆ ನೋಡಿದ. "ಗಾಜು, ತಕ್ಕಡಿ ಅಷ್ಟ ಒಯ್ತೀನಿ. ನೀವು ಅದನ್ನ ಗಾಡಿಗೆ ಏರಸಾಕ ಒಂದೀಟ ಕೈ ಹಚ್ಚರಿ."

ಯಾದಿಯಲ್ಲಿ ಅವನ ಸಾಲಿನ ಮುಂದೆ ಗಿರಾಕಿಯಿಲ್ಲವೆಂದು ಷರಾ ಬಿತ್ತು. 1996ರಲ್ಲಿ ನಿವೃತ್ತನಾಗುವವರೆಗೆ ಸತ್ತೆಪ್ಪ ಹಾಜರಿ ಪುಸ್ತಕದಲ್ಲೂ ಇದ್ದ, ಕೆಟ್ಟ ಸಾಮಾನಿನ ಯಾದಿಯಲ್ಲೂ ಇದ್ದ. ಆ ಯಾದಿಯನ್ನು ವರ್ಷವರ್ಷ ನಕಲು ಮಾಡುವ ಕೆಲಸ ಅವನದೇ. ತನ್ನ ಸಾಲು ಬಂದಾಗ ಅಕ್ಷರ ತುಸು ದುಂಡಗೆ ಬರೆಯುತ್ತಿದ್ದ.