ಹುಳ ಇಲ್ಲದ ತಿಂಗಳು

ರೇಷ್ಮೆ ಹುಳಕ್ಕೆ ವಾಸನೆ ಆಗಿಬರುವುದಿಲ್ಲ. ಊದುಬತ್ತಿ, ಬೀಡಿ, ಸೆಂಟು, ಟರ್ಪೆಂಟೈನ್, ಯಾವುದೂ. ಶಿಡ್ಲಘಟ್ಟದ ಸುತ್ತ ಹುಳ ಸಾಕುವ ಯಾವ ಮನೆಗೆ ಹೋದರೂ ಇದೇ ಕಾನೂನು. ಮದುವೆಗೆ ಹೊರಟವರೂ ನಮ್ಮಲ್ಲಿ ಸೆಂಟು ಹಾಕಿಕೊಳ್ಳುವುದು ಊರು ದಾಟಿದ ಮೇಲೆ. ನಾವಿರುವ ಮನೆಗೂ ಹುಳದ ಮನೆಗೂ ನಡುವೆ ಇರುವುದು ಒಂದೇ ಗೋಡೆ. ಆದ್ದರಿಂದ ಮರಿ ಹುಳ ಒಳಗೆ ಬಂದ ದಿನವೇ ನನ್ನ ಎಣ್ಣೆಬಣ್ಣದ ಪೆಟ್ಟಿಗೆ ಹೊರಗೆ ಹೋಗಬೇಕು. ಗೂಡು ಮಾರ್ಕೆಟ್ಟಿಗೆ ಹೋದ ಮೇಲೆ ಅದು ವಾಪಸ್ಸು ಬರಬಹುದು. ಒಮ್ಮೆ ಕದ್ದುಮುಚ್ಚಿ ಡಬ್ಬಿ ತೆಗೆದರೆ ಸಾಕು, ಅಮ್ಮ ಎಲ್ಲಿದ್ದರೂ ಮೂಗು ಅರಳಿಸಿಕೊಂಡು ಬಂದುಬಿಡುತ್ತಿದ್ದಳು. ಅವಳಿಗೆ ಸಿಟ್ಟು ಬಂದರೆ ತೆಲುಗು ಬರುತ್ತದೆ. "ಏಮಿಟೇ ಈ ವಾಸನ?" ಎಂದರೆ ನಾನು ಡಬ್ಬಿ ಸಮೇತ ಬೀದಿಗೆ.

ನಾನೋ ಸುಮ್ಮನೆ ಕೂರುವವಳಲ್ಲ. ಬಣ್ಣ ಮುಟ್ಟಬಾರದ ದಿನಗಳಲ್ಲಿ ಕೈಗೆ ಸಿಕ್ಕಿದ್ದನ್ನೆಲ್ಲ ಹಿಡಿದೆ. ಹುಳ ಜ್ವರಕ್ಕೆ ಕೂತಾಗ, ಅಂದರೆ ಪೊರೆ ಬಿಡಲು ಮೇವು ನಿಲ್ಲಿಸಿ ಮಲಗಿದಾಗ, ಮನೆಯವರಿಗೂ ಸ್ವಲ್ಪ ಬಿಡುವು. ಆ ಬಿಡುವಿನಲ್ಲೇ ಬ್ಲೌಸಿಗೆ ಆರಿ ವರ್ಕ್ ಹಾಕುವುದನ್ನು ಕಲಿತೆ. ಕೆರೆಯ ಜೇಡಿಮಣ್ಣು ತಂದು ತಲೆಗಳನ್ನು ಮಾಡಿದೆ. ಕೊನೆಯ ಜ್ವರ ಎದ್ದ ಹುಳ ಸೊಪ್ಪು ತಿನ್ನುವ ಸದ್ದನ್ನು ಎಲ್ಲರೂ ಮಳೆಗೆ ಹೋಲಿಸುತ್ತಾರೆ. ನನಗೆ ಅದು ಪಕ್ಕದ ಕೋಣೆಯಲ್ಲಿ ಯಾರೋ ಪೇಪರಿನ ಹಾಳೆ ಮಗುಚುತ್ತಲೇ ಇದ್ದಂತೆ ಕೇಳುತ್ತದೆ. ಅದನ್ನು ಮೊಬೈಲಿನಲ್ಲಿ ಹಿಡಿದು ತಾಳ ಕೂರಿಸಿದೆ. ಕಥೆಯನ್ನೂ ಬರೆಯುತ್ತೇನೆ, ಅರ್ಧರ್ಧ.

ಡಿಗ್ರಿ ಮುಗಿದ ಮೇಲೆ ನೆಂಟರ ಕಾಟ ಶುರುವಾಯಿತು. ಚಿಂತಾಮಣಿಯ ಅತ್ತೆ, ಬಿ.ಎಡ್. ಮಾಡು, ನಮ್ಮ ಮನೆಯಲ್ಲೇ ಇರು ಎಂದು ಬಂದಾಗಲೆಲ್ಲ ಹೇಳುತ್ತಿದ್ದರು. ನಾನು ಆರ್ಟಿಸ್ಟ್ ಆಗುತ್ತೇನೆ ಎಂದೆ.

"ಆಗಮ್ಮ, ಬೇಡ ಅಂದೋರ್ಯಾರು? ಯಾವ ಆರ್ಟು?"

"ಒಂದನ್ನ ಹಿಡಿಯೋಕೆ ಈ ಹುಳ ಬಿಟ್ರೆ ತಾನೇ!" ಎಂದು ರೇಗಿದೆ. ಅಮ್ಮ ಒಳಗಿನಿಂದ ಅದನ್ನು ಕೇಳಿಸಿಕೊಂಡಿದ್ದಳು.

ಈ ವರ್ಷ ಅಪ್ಪನ ಪರಿಚಯದವರೊಬ್ಬರು ನಂದಿಯಲ್ಲಿ ಹೋಂಸ್ಟೇ ಕಟ್ಟಿಸಿದರು. ಅವರು ನನ್ನ ಚಿತ್ರಗಳನ್ನು ಮೊಬೈಲಿನಲ್ಲಿ ನೋಡಿ, ಹಾಲ್‌ಗೆ ಅಲ್ಲಿನ ತಮ್ಮ ದ್ರಾಕ್ಷಿ ಚಪ್ಪರದ ದೊಡ್ಡದೊಂದು ಎಣ್ಣೆಚಿತ್ರ ಬೇಕೆಂದರು. ಹಿಡಿಸಿದರೆ ಎಲ್ಲ ರೂಮುಗಳಿಗೂ ನನ್ನಿಂದಲೇ ಬರೆಸುತ್ತಾರಂತೆ. ಗೃಹಪ್ರವೇಶ ತಿಂಗಳ ಕೊನೆಗೆ. ಸರಿಯಾಗಿ ಹುಳ ಇರುವ ತಿಂಗಳು.

"ಆಗಲ್ಲ ಅಂತ ಹೇಳ್ಬಿಡ್ತೀನಿ," ಎಂದೆ ಊಟಕ್ಕೆ ಕೂತಾಗ.

ಅಮ್ಮ ಮುದ್ದೆ ಕಟ್ಟುತ್ತಿದ್ದಳು. "ಈ ಸಲ ಹುಳ ಬೇಡ. ಸೊಪ್ಪು ಮಾರ್ಕೊಳಣ. ನೀನು ಹುಳದ ಮನೇಲೇ ಬರಕೋ."

ಅಪ್ಪ ಕೈಯಲ್ಲಿದ್ದ ತುತ್ತನ್ನು ಹಾಗೇ ಹಿಡಿದುಕೊಂಡರು. "ನಿಜವಾಗ್ಲೂನಾ?"

"ಹೂ ಕಣ್ರೀ. ಹುಳ ಅಡ್ಡ, ಹುಳ ಅಡ್ಡ ಅಂತಾಳಲ್ಲ. ಒಂದ್ಸಲ ಅಡ್ಡ ಇಲ್ದೆ ನೋಡಣ."

ನನ್ನನ್ನು ಹೆರಲು ತವರಿಗೆ ಹೋದಾಗ ಬಿಟ್ಟರೆ ಅಮ್ಮ ಒಂದು ಸಲವೂ ಹುಳದ ಬೆಳೆ ಬಿಟ್ಟವಳೇ ಅಲ್ಲ.

ಹುಳದ ಮನೆಯ ತಟ್ಟೆಗಳನ್ನು ಒಂದು ಮೂಲೆಗೆ ಒಟ್ಟಿ, ಗೋಡೆಗೆ ಕ್ಯಾನ್ವಾಸ್ ಒರಗಿಸಿದೆ. ಪೆನ್ಸಿಲ್ಲಿನಲ್ಲಿ ಚಪ್ಪರದ ಕಂಬಗಳನ್ನು ಗುರುತು ಮಾಡಿದೆ. ಕಂಬ ಸರಿಯಿಲ್ಲ ಅನ್ನಿಸಿತು. ನಂದಿಗೆ ಹೋಗಿ ಚಪ್ಪರವನ್ನು ಮತ್ತೆ ನೋಡಿ ಬಂದೆ. ವಾಪಸ್ಸು ಬರುವ ಬಸ್ಸಿನಲ್ಲಿ ಒಂದು ಕಥೆ ಹೊಳೆಯಿತು, ಮನೆಗೆ ಬಂದು ಅದನ್ನು ಬರೆದೆ, ಅರ್ಧ. ಕ್ಯಾನ್ವಾಸಿನ ಮುಂದೆ ನಿಂತರೆ ಕಾಲು ಬಾಗಿಲ ಕಡೆ ಎಳೆಯುತ್ತಿತ್ತು. ಆರಿ ಸೂಜಿ ಹಿಡಿದೆ, ಬಿಟ್ಟೆ. ಮೊಬೈಲಿನಲ್ಲಿದ್ದ ಹುಳದ ಸದ್ದುಗಳನ್ನು ಕೇಳಿದೆ, ಅಳಿಸಿದೆ. ಬೆಳಿಗ್ಗೆ ಬೆಳಿಗ್ಗೆಯೇ ಯಾರ್ಯಾರೋ ಬಂದು ನಮ್ಮ ಸೊಪ್ಪನ್ನು ಮೊಪೆಡ್ಡಿಗೆ ಕಟ್ಟಿಕೊಂಡು ಹೋಗುವುದು ಕಿಟಕಿಯಲ್ಲಿ ಕಾಣುತ್ತಿತ್ತು. ಕಿಟಕಿ ಮುಚ್ಚಿಕೊಂಡೆ. ಮೊಪೆಡ್ಡಿನ ಸದ್ದು ಆಗಲೂ ಕೇಳುತ್ತಿತ್ತು.

ನನಗೆ ಭಯವಾಗಿತ್ತು. ಹತ್ತು ಕೆಲಸ ಅರ್ಧರ್ಧ ಇರುವವರೆಗೆ ಯಾವುದನ್ನೂ ಯಾರೂ ಚೆನ್ನಾಗಿಲ್ಲ ಎನ್ನುವಂತಿರಲಿಲ್ಲ. ಒಂದನ್ನು ಪೂರ್ತಿ ಮಾಡಿದರೆ ನನ್ನ ಕೈಯಲ್ಲಿ ಎಷ್ಟಿದೆ ಎಂಬುದು ಗೊತ್ತಾಗಿಬಿಡುತ್ತದೆ. ಇಷ್ಟು ವರ್ಷ ಆ ಹುಳಗಳು ಪಾಪ ನನ್ನ ಬದಲು ಬೈಸಿಕೊಂಡವು.

ಒಂದು ಮಧ್ಯಾಹ್ನ ಅಮ್ಮ ಬಂದಳು. ಒಳಗೆ ಒಂದು ಹುಳವೂ ಇಲ್ಲ, ಆದರೂ ಅಭ್ಯಾಸದಂತೆ ಚಪ್ಪಲಿ ಹೊರಗೆ ಬಿಟ್ಟು, ಕಾಲು ತೊಳೆದುಕೊಂಡೇ ಬಾಗಿಲಲ್ಲಿ ನಿಂತಳು. ಮೂಗು ಅರಳಿಸಿದಳು. ನಾನು ಜೇಡಿಮಣ್ಣಿನ ತಲೆಯೊಂದಕ್ಕೆ ಕಿವಿ ಅಂಟಿಸುತ್ತಿದ್ದೆ.

"ಯಾಕಮ್ಮ, ವಾಸನೇನೇ ಬರ್ತಿಲ್ಲ?" ಎಂದಳು.

ತೆಲುಗು ಬಂದಿದ್ದರೆ ಒಳ್ಳೆಯದಿತ್ತು. ಮೆತ್ತಗೆ ಕೇಳಿದ ಆ ಕನ್ನಡವನ್ನು ನನ್ನಿಂದ ತಡೆದುಕೊಳ್ಳಲಾಗಲಿಲ್ಲ.

"ಬರುತ್ತೆ, ನೀನು ಹೋಗಮ್ಮ," ಎಂದು ಸಿಡುಕಿದೆ.

"ಬರ್ಲಿ. ಕೂತಿರ್ತೀನಿ."

ಬೋರಲು ಹಾಕಿದ್ದ ಕ್ರೇಟಿನ ಮೇಲೆ ಕೂತಳು. ಬೇರೆ ತಿಂಗಳಾಗಿದ್ದರೆ ಆ ಹೊತ್ತಿಗೆ ಅವಳ ಕೈಗಳು ಸೊಪ್ಪು ಹರಡುತ್ತಿರಬೇಕಿತ್ತು. ಈಗ ಅವು ಮಡಿಲಲ್ಲಿ ಸುಮ್ಮನೆ ಬಿದ್ದಿದ್ದವು. ಆ ಕೈಗಳನ್ನು ನೋಡಲಾಗದೆ ಎದ್ದು ಮಣ್ಣು ತೊಳೆದುಕೊಂಡು ಬಂದು, ಟರ್ಪೆಂಟೈನ್ ಬಾಟಲಿಯ ಮುಚ್ಚಳ ತಿರುಗಿಸಿದೆ. ಗಮ್ಮೆಂದು ವಾಸನೆ ಎದ್ದಿತು. ಅಮ್ಮ ಸೆರಗನ್ನು ಮೂಗಿಗೆ ಹಿಡಿದಳು, ಆದರೆ ಎದ್ದು ಹೋಗಲಿಲ್ಲ.

"ಯಾವ ಕಡೆಯಿಂದ ಶುರು ಮಾಡ್ತೀಯ?" ಎಂದು ಸೆರಗಿನ ಒಳಗಿಂದಲೇ ಕೇಳಿದಳು.

ನನಗೂ ಗೊತ್ತಿರಲಿಲ್ಲ. ಬ್ರಷ್ ಅದ್ದಿದೆ.