ಇಬ್ಬರಿಗೂ ಒಂದೇ ಕಾಯಿ

ಮಹಡಿಯ ಮೇಲೆ ಬಟ್ಟೆ ಹರವುತ್ತಿದ್ದೆನೋ ಮಡಚುತ್ತಿದ್ದೆನೋ, ಈಗ ಖಚಿತವಾಗಿ ಹೇಳಲಾರೆ. ಕೆಳಗೆ ತೆಂಗಿನಕಾಯಿ ಒಡೆದ ಸದ್ದು ಕೇಳಿದ್ದಂತೂ ನಿಜ. ಇಳಿದು ಬಂದರೆ ಹತ್ತು ತಿಂಗಳ ನನ್ನ ಅವಳಿ ಹೆಣ್ಣುಮಕ್ಕಳಿಬ್ಬರೂ ಹೊಸ್ತಿಲಾಚೆ ಜಗಲಿಯ ಮೇಲಿದ್ದರು. ಮಗು ಮೊದಲ ಸಲ ತಾನಾಗೇ ಹೊಸ್ತಿಲು ದಾಟಿದರೆ ಕಾಯಿ ಒಡೆಯುವುದು ನಮ್ಮ ಸೂಲಿಬೆಲೆ ಕಡೆಯ ವಾಡಿಕೆ.

"ಇಬ್ರೂ ಒಟ್ಟಿಗೇ ದಾಟ್ಬಿಟ್ರು ಕಣಮ್ಮ, ಒಂದೇ ಕಾಯಲ್ಲಿ ಮುಗ್ದೋಯ್ತು. ದೊಡ್ಡೋಳಿಗೆ ಅಂತ ಸುಮ್ನೆ ಕೊರಗ್ತಿದ್ದೆ ನೀನು," ಎಂದು ಅತ್ತೆ ನಕ್ಕರು.

ಚಿಕ್ಕವಳು ಸಾನ್ವಿ ಆಗಲೇ ಮನೆಯೆಲ್ಲ ಅಂಬೆಗಾಲಿಡುತ್ತಿದ್ದಳು. ದೊಡ್ಡವಳು ಮಾನ್ವಿ ಕೂರಿಸಿದಲ್ಲೇ ಕೂರುತ್ತಿದ್ದಳು. ಖುಷಿಯಲ್ಲಿ ನಾನು ಏನನ್ನೂ ಕೇಳಲಿಲ್ಲ. ಮುಂದಿನ ವಾರ ಅಂಗನವಾಡಿಯಲ್ಲಿ ತೂಕ ನೋಡಿದ ನರ್ಸಮ್ಮ, "ಇಬ್ರೂ ಅಂಬೆಗಾಲು ಇಡ್ತಾರಾ?" ಎಂದಾಗ ಅತ್ತೆ ನನಗಿಂತ ಮೊದಲೇ "ಹೂಂ" ಎಂದರು. ನಾನೂ ತಲೆಯಾಡಿಸಿದೆ. ಆದರೆ ಮಾನ್ವಿ ಒಂದು ಗೇಣು ಮುಂದೆ ಹೋದದ್ದನ್ನು ಇವತ್ತಿನವರೆಗೂ ನಾನು ಕಣ್ಣಾರೆ ಕಂಡಿಲ್ಲ. ದಿನಕ್ಕೆ ಹತ್ತು ಸಲ ಗಿಲಕಿಯನ್ನು ದೂರವಿಟ್ಟು ಕಾಯುತ್ತೇನೆ. ಅವಳು ಕೈ ಚಾಚುತ್ತಾಳೆ, ಅಷ್ಟರಲ್ಲಿ ಸಾನ್ವಿ ಹೋಗಿ ಎತ್ತಿಕೊಳ್ಳುತ್ತಾಳೆ.

ನಾಳೆ ಹೊಸಕೋಟೆಯಲ್ಲಿ ಮಕ್ಕಳ ಡಾಕ್ಟರಿಗೆ ತೋರಿಸಬೇಕು. ಅವರು ಕೇಳಿದರೆ ಏನು ಹೇಳಲಿ ಎಂದು ತಿಳಿಯದೆ, ಸೊಪ್ಪು ಬಿಡಿಸುತ್ತಿದ್ದ ಅತ್ತೆಯ ಎದುರು ಹೋಗಿ ಕೂತೆ. "ಅತ್ತೆ, ಅವತ್ತು ಮಾನ್ವಿ ತಾನಾಗೇ ದಾಟಿದ್ಲಾ, ಇಲ್ಲ ನೀವು ಎತ್ತಿ ಆಚೆ ಕೂರಿಸಿದ್ರಾ?" ಅವರು ಸೊಪ್ಪು ಬದಿಗಿಟ್ಟು, ಮಾನ್ವಿಯನ್ನು ಎತ್ತಿ ಮಡಿಲಲ್ಲಿ ಕೂರಿಸಿಕೊಂಡರು.